ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಯಾವ ಪರೀಕ್ಷೆ, ಯಾವ ಚಿಕಿತ್ಸೆ

ನಿದ್ದೆಯಲ್ಲಿ ಹಲ್ಲು ಕಡಿಯುವವರು ತಾವಾಗಿಯೇ ದಂತವೈದ್ಯರ ಬಳಿಗೆ ಬರುವುದು ಅಪರೂಪ. ಪಕ್ಕದಲ್ಲಿ ಮಲಗುವ ಗಂಡನೋ ಹೆಂಡತಿಯೋ, ಹಾಸ್ಟೆಲಿನ ಕೋಣೆಯ ಜೊತೆಗಾರನೋ, ಮಗುವಾದರೆ ಅಜ್ಜಿಯೋ ಆ ಕರಕರ ಸದ್ದನ್ನು ಕೇಳಿ ಒತ್ತಾಯ ಮಾಡಿ ಕಳುಹಿಸಿದ ಮೇಲೆ ಬರುತ್ತಾರೆ. "ನನಗೇನೂ ಗೊತ್ತಾಗುವುದಿಲ್ಲ ಡಾಕ್ಟ್ರೇ, ಮನೆಯವರು ಹೇಳುತ್ತಾರೆ" ಎಂಬುದು ಅವರ ಮೊದಲ ಮಾತು. "ಇದನ್ನು ನಿಲ್ಲಿಸುವುದಕ್ಕೆ ಏನಾದರೂ ಕೊಡಿ" ಎಂಬುದು ಎರಡನೆಯದು.

ಇವತ್ತು ನಾನು ಹೇಳಬೇಕೆಂದುಕೊಂಡಿರುವುದೆಲ್ಲ ಈ ಎರಡನೆಯ ಮಾತಿನ ಸುತ್ತಲೇ ಇದೆ. ನಿದ್ದೆಯಲ್ಲಿ ಹಲ್ಲು ಕಡಿಯುವುದನ್ನು ಶಾಶ್ವತವಾಗಿ ನಿಲ್ಲಿಸುವ, ಎಲ್ಲರ ಮೇಲೂ ಕೆಲಸ ಮಾಡುವ ಚಿಕಿತ್ಸೆ ಇಂದಿನವರೆಗೂ ಇಲ್ಲ. ಆದರೆ ಅದರಿಂದ ಹಲ್ಲಿಗೂ ದವಡೆಗೂ ಆಗುವ ಹಾನಿಯನ್ನು ತಡೆಯುವ ದಾರಿಗಳಿವೆ. ಅದರ ಹಿಂದೆ ಬೇರೊಂದು ಕಾಯಿಲೆ ಅಡಗಿದ್ದರೆ ಅದನ್ನು ಪತ್ತೆಹಚ್ಚಿ ವಾಸಿಮಾಡುವ ಅಥವಾ ಹತೋಟಿಗೆ ತರುವ ದಾರಿಗಳೂ ಇವೆ. ಹಾಗಾಗಿ ಬಾಯಿಯ ಅಳತೆ ತೆಗೆದುಕೊಂಡು ನೈಟ್ ಗಾರ್ಡ್ (ರಾತ್ರಿ ಹಲ್ಲುಗಳ ಮೇಲೆ ಹಾಕಿಕೊಳ್ಳುವ ಕವಚ) ಮಾಡಿಕೊಡುವ ಮೊದಲು ದಂತವೈದ್ಯರು ಆ ವ್ಯಕ್ತಿಯ ನಿದ್ದೆಯನ್ನು ವಿಚಾರಿಸಬೇಕು. ವಿಚಾರಿಸದಿದ್ದರೆ ನೀವೇ ಹೇಳಬೇಕು.

ಇದು ಎಷ್ಟು ಜನರಲ್ಲಿದೆ ಎಂಬುದನ್ನು ಮೊದಲು ತಿಳಿಸುತ್ತೇನೆ. 1994ರಲ್ಲಿ ಪ್ರಕಟವಾದ ಕೆನಡಾದ ಸಮೀಕ್ಷೆಯೊಂದರಲ್ಲಿ ವಯಸ್ಕರ ಪೈಕಿ ಸುಮಾರು ಶೇ. 8ರಷ್ಟು ಜನ ತಮಗೆ ಈ ಅಭ್ಯಾಸ ಇದೆಯೆಂದು ಹೇಳಿದ್ದರು. 18ರಿಂದ 29 ವರ್ಷದವರಲ್ಲಿ ಅದು ಶೇ. 13ರಷ್ಟಿದ್ದರೆ, 60 ದಾಟಿದವರಲ್ಲಿ ಶೇ. 3ಕ್ಕೆ ಇಳಿದಿತ್ತು. ಮಕ್ಕಳಲ್ಲಿ ಇದಕ್ಕಿಂತ ಹೆಚ್ಚು. ಆದರೆ ಒಂದು ಎಚ್ಚರಿಕೆ ಬೇಕು. ಇವೆಲ್ಲ ಜನರು ತಾವೇ ಕೊಟ್ಟ ಉತ್ತರಗಳಿಂದ ಬಂದ ಅಂಕಿಗಳು. ಒಬ್ಬರೇ ಮಲಗುವವರಿಗೆ ತಮ್ಮ ಹಲ್ಲಿನ ಸದ್ದನ್ನು ಹೇಳುವವರೇ ಇರುವುದಿಲ್ಲ. ಸದ್ದಿಲ್ಲದೆ ದವಡೆಯನ್ನು ಬಿಗಿಹಿಡಿಯುವವರ ವಿಷಯ ಪಕ್ಕದಲ್ಲಿ ಮಲಗಿದವರಿಗೂ ತಿಳಿಯುವುದಿಲ್ಲ.

ಹಾಗಾದರೆ ರಾತ್ರಿ ನಿಜವಾಗಿ ನಡೆಯುವುದೇನು? ನಾವು ಮಲಗಿದಾಗಿನಿಂದ ಏಳುವವರೆಗೆ ನಿದ್ದೆಯ ಆಳ ಒಂದೇ ಸಮನೆ ಇರುವುದಿಲ್ಲ. ಆರೋಗ್ಯವಂತರಲ್ಲೂ ಗಂಟೆಗೆ ಹಲವು ಬಾರಿ ಮಿದುಳು ಕೆಲವೇ ಸೆಕೆಂಡುಗಳ ಮಟ್ಟಿಗೆ ಎಚ್ಚರದ ಕಡೆಗೆ ವಾಲಿ, ಮತ್ತೆ ನಿದ್ದೆಗೆ ಜಾರುತ್ತದೆ. ಬೆಳಿಗ್ಗೆ ನಮಗೆ ಅದರ ನೆನಪೂ ಇರುವುದಿಲ್ಲ. ಹಲ್ಲು ಕಡಿಯುವ ಪ್ರಸಂಗಗಳಲ್ಲಿ ಬಹುಪಾಲು ಹಗುರ ನಿದ್ದೆಯ ಹಂತಗಳಲ್ಲಿ, ಇಂಥ ಕಿರು ಎಚ್ಚರಗಳ ಜೊತೆಯಲ್ಲೇ ಬರುತ್ತವೆ. ನಿದ್ರಾ ಪ್ರಯೋಗಾಲಯದಲ್ಲಿ ಇದನ್ನು ದಾಖಲಿಸಿದಾಗ ಒಂದು ಖಚಿತವಾದ ಕ್ರಮ ಕಂಡುಬರುತ್ತದೆ. ಮೊದಲು, ಕೆಲವು ನಿಮಿಷ ಮುಂಚಿನಿಂದಲೇ, ಹೃದಯವನ್ನು ಚುರುಕುಗೊಳಿಸುವ ಸಿಂಪಥೆಟಿಕ್ ನರವ್ಯೂಹದ ಚಟುವಟಿಕೆ ಏರುತ್ತದೆ. ನಾಲ್ಕೈದು ಸೆಕೆಂಡು ಮುಂಚೆ ಮಿದುಳಿನ ವಿದ್ಯುತ್ ಅಲೆಗಳು ವೇಗ ಪಡೆಯುತ್ತವೆ. ಆಮೇಲೆ ಹೃದಯ ಬಡಿತ ಹೆಚ್ಚುತ್ತದೆ. ಅನಂತರ ಬಾಯಿ ತೆರೆಯುವ ಸ್ನಾಯುಗಳು ಎಚ್ಚೆತ್ತುಕೊಂಡು, ಕಟ್ಟಕಡೆಗೆ ಬಾಯಿ ಮುಚ್ಚುವ ದೊಡ್ಡ ಸ್ನಾಯುಗಳು ಸೆಕೆಂಡಿಗೆ ಸುಮಾರು ಒಂದರಂತೆ ಲಯಬದ್ಧವಾಗಿ ಕುಗ್ಗತೊಡಗುತ್ತವೆ. ನೀವು ಕೇಳುವ ಕರಕರ ಸದ್ದು ಈ ಸರಣಿಯ ಕೊನೆಯಲ್ಲಿ ಬರುತ್ತದೆ. ಎಂದರೆ ಹಲ್ಲಿನ ಕೆಲಸ ಶುರುವಾಗುವ ಹೊತ್ತಿಗೆ ಮಿದುಳು ಮತ್ತು ಹೃದಯದ ಕೆಲಸ ಆಗಲೇ ಶುರುವಾಗಿರುತ್ತದೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿ. ಹಲ್ಲು ಕಡಿಯುವ ಅಭ್ಯಾಸವೇ ಇಲ್ಲದ ಆರೋಗ್ಯವಂತರನ್ನು ಹೀಗೆ ಪರೀಕ್ಷಿಸಿದಾಗಲೂ ಅವರಲ್ಲಿ ಸುಮಾರು ಶೇ. 60 ಮಂದಿಯಲ್ಲಿ ದವಡೆಯ ಸ್ನಾಯುಗಳ ಈ ಲಯಬದ್ಧ ಚಲನೆ ಕಂಡುಬಂತು. ಆದರೆ ಬಹಳ ಕಡಿಮೆ ಸಲ, ಕಡಿಮೆ ಬಲದಲ್ಲಿ, ಹಲ್ಲಿನ ಸದ್ದಿಲ್ಲದೆ. ಆದ್ದರಿಂದ ನಿದ್ದೆಯಲ್ಲಿ ದವಡೆ ಆಡುವುದು ತನ್ನಷ್ಟಕ್ಕೆ ವಿಕಾರವಲ್ಲ, ಅದರ ಪ್ರಮಾಣ ಮತ್ತು ಪರಿಣಾಮಗಳನ್ನು ನಾವು ನೋಡಬೇಕು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಕಳೆದ ಶತಮಾನದಲ್ಲಿ ದಂತವೈದ್ಯರು ಬಹಳ ಕಾಲ ನಂಬಿದ್ದದ್ದು ಬೇರೆಯೇ. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದಿದ್ದರೆ, ಎಲ್ಲೋ ಒಂದು ಹಲ್ಲು ಎತ್ತರವಾಗಿ ತಾಗುತ್ತಿದ್ದರೆ, ಆ ಅಡ್ಡಿಯನ್ನು ಸವೆಸಿಹಾಕಲು ದೇಹವೇ ಹಲ್ಲು ಕಡಿಯುತ್ತದೆ ಎಂಬುದು ಆಗಿನ ವಾದ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸಿಗುರ್ಡ್ ರಾಮ್‌ಫ್ಯೋರ್ಡ್ ಅವರ 1961ರ ಅಧ್ಯಯನ ಈ ನಂಬಿಕೆಗೆ ಬಲ ಕೊಟ್ಟಿತು. ಅದರ ಫಲವಾಗಿ ಎಷ್ಟೋ ಜನರ ಆರೋಗ್ಯವಂತ ಹಲ್ಲುಗಳ ಮೇಲ್ಮೈಯನ್ನು ಉಜ್ಜಿ 'ಸರಿಪಡಿಸುವ' ಪದ್ಧತಿ ಬೆಳೆಯಿತು. ಮುಂದೆ 1984ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೇಕೆಂದೇ ಎತ್ತರವಾಗಿ ತಾಗುವ ಕ್ಯಾಪ್‌ಗಳನ್ನು ಹಾಕಿ ರಾತ್ರಿಯ ಸ್ನಾಯು ಚಟುವಟಿಕೆಯನ್ನು ಅಳೆದರು. ಹಳೆಯ ವಾದ ನಿಜವಾಗಿದ್ದರೆ ಹಲ್ಲು ಕಡಿಯುವುದು ಹೆಚ್ಚಬೇಕಿತ್ತು. ಹೆಚ್ಚಲಿಲ್ಲ, ಬಹುತೇಕರಲ್ಲಿ ಕಡಿಮೆಯೇ ಆಯಿತು. ಈಗ ವಿದ್ವಾಂಸರ ನಡುವೆ ಈ ಬಗ್ಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಮೂಲ ಇರುವುದು ಮಿದುಳಿನಲ್ಲಿ. ಆದ್ದರಿಂದ ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರೆಂಬ ಒಂದೇ ಕಾರಣಕ್ಕೆ ಯಾರಾದರೂ ನಿಮ್ಮ ಚೆನ್ನಾಗಿರುವ ಹಲ್ಲುಗಳನ್ನು ಉಜ್ಜಿ ಸಮ ಮಾಡುತ್ತೇನೆಂದರೆ ದಯವಿಟ್ಟು ಒಪ್ಪಬೇಡಿ. ಉಜ್ಜಿದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಹೊಸದಾಗಿ ಹಾಕಿದ ಕ್ಯಾಪ್ ಅಥವಾ ಫಿಲ್ಲಿಂಗ್ ಎತ್ತರವಾಗಿದ್ದರೆ ಅದನ್ನು ತಗ್ಗಿಸುವ ಮಾತು ಬೇರೆ.

2018ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಈ ವಿಷಯದಲ್ಲಿ ಒಂದು ಒಮ್ಮತದ ಹೇಳಿಕೆಯನ್ನು ಪ್ರಕಟಿಸಿದರು. ಅದರಲ್ಲಿ ನಿದ್ದೆಯಲ್ಲಿ ಹಲ್ಲು ಕಡಿಯುವುದನ್ನೂ ಎಚ್ಚರದಲ್ಲಿ ದವಡೆ ಬಿಗಿಹಿಡಿಯುವುದನ್ನೂ ಎರಡು ಬೇರೆ ಬೇರೆ ವಿಷಯಗಳೆಂದು ಬೇರ್ಪಡಿಸಿದರು. ಬೇರೆ ಕಾಯಿಲೆ ಇಲ್ಲದವರಲ್ಲಿ ಇದನ್ನು ರೋಗವೆಂದು ಕರೆಯಬಾರದು; ಕೆಲವರಿಗೆ ಹಾನಿ ತರಬಲ್ಲ, ಕೆಲವರಿಗೆ ರಕ್ಷಣೆಯೂ ಆಗಬಲ್ಲ ಸ್ನಾಯು ಚಟುವಟಿಕೆ ಎಂದು ಕಾಣಬೇಕು ಎಂದರು. ರಕ್ಷಣೆ ಎಂದಾಗ ನಿಮಗೆ ಆಶ್ಚರ್ಯವಾಗಬಹುದು. ಹೊಟ್ಟೆಯ ಆಮ್ಲ ರಾತ್ರಿ ಅನ್ನನಾಳಕ್ಕೆ ಉಕ್ಕುವವರಲ್ಲಿ ದವಡೆಯ ಚಲನೆಯಿಂದ ಲಾಲಾರಸ ಹೆಚ್ಚಿ, ಉಗುಳು ನುಂಗಿ ಆಮ್ಲ ತೊಳೆದುಹೋಗಬಹುದು. ಗಂಟಲು ಮುಚ್ಚಿಕೊಳ್ಳುವವರಲ್ಲಿ ಕೆಳದವಡೆ ಮುಂದೆ ಸರಿದು ಉಸಿರಿನ ದಾರಿ ತೆರೆದುಕೊಳ್ಳಬಹುದು. ಇವು ಇನ್ನೂ ಪೂರ್ತಿ ಸಾಬೀತಾಗದ ವಿವರಣೆಗಳು. ಆದರೂ ಚಿಕಿತ್ಸೆ ಮಾಡುವವರು ಇವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು.

ಇನ್ನು ಪರೀಕ್ಷೆಯ ವಿಷಯ. ಅದೇ ಹೇಳಿಕೆ ನಿರ್ಣಯದ ಖಚಿತತೆಯನ್ನು ಮೂರು ಮೆಟ್ಟಿಲುಗಳಲ್ಲಿ ಇಟ್ಟಿದೆ. ರೋಗಿ ಅಥವಾ ಮನೆಯವರು ಹೇಳಿದ ಮಾತಷ್ಟೇ ಇದ್ದರೆ ಹಲ್ಲು ಕಡಿಯುವ 'ಸಾಧ್ಯತೆ ಇದೆ' ಎನ್ನಬೇಕು. ಬಾಯಿಯ ಪರೀಕ್ಷೆಯಲ್ಲಿ ಲಕ್ಷಣಗಳು ಸಿಕ್ಕರೆ 'ಸಂಭವ ಹೆಚ್ಚು' ಎನ್ನಬೇಕು. ಉಪಕರಣದಿಂದ ರಾತ್ರಿಯ ದಾಖಲೆ ಸಿಕ್ಕಾಗ ಮಾತ್ರ 'ಖಚಿತ' ಎನ್ನಬೇಕು. ನಮ್ಮ ಊರುಗಳ ದಂತ ಚಿಕಿತ್ಸಾಲಯಗಳಲ್ಲಿ ನಾವು ಬಹುತೇಕ ಎರಡನೆಯ ಮೆಟ್ಟಿಲಿನಲ್ಲೇ ನಿಂತು ನಿರ್ಧಾರ ಮಾಡುತ್ತೇವೆ, ಹೆಚ್ಚಿನವರಿಗೆ ಅಷ್ಟು ಸಾಕು.

ನಾನು ಮೊದಲು ಕೇಳುವುದು ಬೆಳಗಿನ ಅನುಭವವನ್ನು. ಎದ್ದ ಕೂಡಲೇ ಕೆನ್ನೆಯ ಹಿಂಭಾಗ ಬಿಗಿದಂತಿರುತ್ತದೆಯೇ, ಕಣತಲೆ ನೋಯುತ್ತದೆಯೇ, ಬಾಯಿ ತೆರೆಯಲು ಕಷ್ಟವಾಗುತ್ತದೆಯೇ, ತಣ್ಣೀರು ಕುಡಿದರೆ ಹಲ್ಲು ಜುಂ ಎನ್ನುತ್ತದೆಯೇ? ಬೆಳಿಗ್ಗೆ ಇದ್ದ ನೋವು ಹೊತ್ತೇರಿದಂತೆ ಕಡಿಮೆಯಾದರೆ ಅದು ರಾತ್ರಿಯ ಕೆಲಸದ ಸೂಚನೆ. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಹೊತ್ತಿಗೆ ದವಡೆ ಸೋತು ಹೋದರೆ ಹಗಲಿನಲ್ಲಿ, ಕಂಪ್ಯೂಟರಿನ ಮುಂದೆಯೋ ಗಾಡಿ ಓಡಿಸುವಾಗಲೋ, ಹಲ್ಲು ಬಿಗಿಹಿಡಿಯುತ್ತಿರುವ ಸೂಚನೆ. ನೋವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹೆಚ್ಚು ಹಲ್ಲು ಕಡಿಯುವವರಿಗೆ ಹೆಚ್ಚು ನೋವಿರುತ್ತದೆ ಎಂದು ನಮಗೆ ತೋರುತ್ತದೆ. ಪ್ರಯೋಗಾಲಯದ ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದದ್ದು ಕಂಡಿದೆ. ರಾತ್ರಿಯಲ್ಲಿ ಕಡಿಮೆ ಸಲ ಹಲ್ಲು ಕಡಿಯುವ ಗುಂಪಿನವರೇ ಬೆಳಗಿನ ನೋವನ್ನು ಹೆಚ್ಚಾಗಿ ಹೇಳಿದ್ದರು. ಹೀಗಾಗಿ ದವಡೆ ನೋವೆಂದು ಬಂದವರಿಗೆಲ್ಲ ಹಲ್ಲು ಕಡಿಯುವುದೇ ಕಾರಣವೆಂದು ಹೇಳಿ ಕಳುಹಿಸುವುದು ಸರಿಯಲ್ಲ.

ಅನಂತರ ಬಾಯಿಯ ಪರೀಕ್ಷೆ. ಕಿವಿಯ ಮುಂದೆ, ದವಡೆಯ ಮೂಲೆಯಲ್ಲಿ ಬೆರಳಿಟ್ಟು ಹಲ್ಲು ಕಚ್ಚಲು ಹೇಳಿದಾಗ ಉಬ್ಬುವ ಮ್ಯಾಸೆಟರ್ ಸ್ನಾಯು ಎಷ್ಟು ದಪ್ಪವಾಗಿದೆ, ಒತ್ತಿದರೆ ನೋಯುತ್ತದೆಯೇ ಎಂದು ನೋಡುತ್ತೇವೆ. ನಾಲಗೆಯ ಅಂಚಿನಲ್ಲಿ ಹಲ್ಲಿನ ಗುರುತುಗಳು, ಕೆನ್ನೆಯ ಒಳಗೆ ಹಲ್ಲು ಕೂಡುವ ಮಟ್ಟದಲ್ಲಿ ಬಿಳಿಯ ಗೆರೆ, ಬಿರುಕು ಬಿಟ್ಟ ಫಿಲ್ಲಿಂಗ್, ಚಕ್ಕೆ ಎದ್ದ ಸೆರಾಮಿಕ್ ಕ್ಯಾಪ್, ಇವೆಲ್ಲ ಸಾಕ್ಷಿಗಳು. ಎಲ್ಲಕ್ಕಿಂತ ಹೆಚ್ಚಾಗಿ ಎಲ್ಲರೂ ನಂಬುವ ಸಾಕ್ಷಿ ಹಲ್ಲಿನ ಸವೆತ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ತಪ್ಪು ಓದಿಗೆ ಒಳಗಾಗುವ ಸಾಕ್ಷಿಯೂ ಅದೇ. ನಮ್ಮ ರಾಜ್ಯದಲ್ಲಂತೂ ಇದನ್ನು ವಿಶೇಷ ಎಚ್ಚರದಿಂದ ಓದಬೇಕು.

ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡದ ಕಡೆ ಮೂವತ್ತು ನಲವತ್ತು ವರ್ಷ ಎಲೆಅಡಿಕೆ ಹಾಕಿದ ಹಿರಿಯರ ದವಡೆಹಲ್ಲುಗಳನ್ನು ನೋಡಿ. ಎನಾಮೆಲ್ ಪೂರ್ತಿ ಹೋಗಿ ಒಳಗಿನ ಹಳದಿಯ ಡೆಂಟಿನ್ ಬಟ್ಟಲಿನಂತೆ ತಗ್ಗಾಗಿರುತ್ತದೆ. ಗಟ್ಟಿ ಅಡಿಕೆಯನ್ನು ದಿನವೂ ಅಗಿದ ಫಲ ಅದು. ಅಗಿಯುವ ಕೆಲಸದಿಂದಲೇ ಅವರ ಕೆನ್ನೆಯ ಸ್ನಾಯು ಕೂಡ ದಪ್ಪವಾಗಿರುತ್ತದೆ. ಇಂಥವರನ್ನು ಪರೀಕ್ಷಿಸಿದ ವೈದ್ಯರು ಅಡಿಕೆಯ ವಿಚಾರ ಕೇಳದಿದ್ದರೆ, ರಾತ್ರಿ ಶಾಂತವಾಗಿ ಮಲಗುವ ವ್ಯಕ್ತಿಗೂ ನೈಟ್ ಗಾರ್ಡ್ ಕೊಟ್ಟುಬಿಡಬಹುದು. ಜೊತೆಗೆ, ಅಡಿಕೆ ಮತ್ತು ಗುಟ್ಕಾ ಅಗಿಯುವವರಲ್ಲಿ ಬಾಯಿ ತೆರೆಯುವುದು ಕಡಿಮೆಯಾಗುತ್ತ ಬಂದಿದ್ದರೆ ಅದನ್ನು ದವಡೆಯ ಬಿಗಿತ ಎಂದು ಬಿಡಬಾರದು. ಕೆನ್ನೆಯ ಒಳಪದರ ನಾರುಗಟ್ಟಿ, ಮುಂದೆ ಕ್ಯಾನ್ಸರಿಗೂ ತಿರುಗಬಲ್ಲ ಸ್ಥಿತಿ ಅದಾಗಿರಬಹುದು. ಬೆರಳಿನಿಂದ ಮುಟ್ಟಿದರೆ ಕೆನ್ನೆಯ ಒಳಗೆ ಗಟ್ಟಿ ಪಟ್ಟಿಗಳು ಸಿಗುತ್ತವೆ.

ಇನ್ನು ಇದ್ದಿಲು, ಬೂದಿ, ಒರಟು ಹಲ್ಲುಪುಡಿಯಿಂದ ಉಜ್ಜಿದವರಲ್ಲಿ ಹಲ್ಲಿನ ಕೆನ್ನೆಯ ಬದಿ, ಒಸಡಿನ ಹತ್ತಿರ ಸವೆದಿರುತ್ತದೆ. ತಂಪು ಪಾನೀಯಗಳನ್ನು ದಿನವೂ ಗುಟುಕರಿಸುವವರಲ್ಲಿ, ಆಮ್ಲ ಉಕ್ಕುವ ಕಾಯಿಲೆಯವರಲ್ಲಿ ಹಲ್ಲಿನ ಮೇಲ್ಮೈ ಕರಗಿ ನುಣುಪಾಗುತ್ತದೆ, ಫಿಲ್ಲಿಂಗ್ ಮಾತ್ರ ದಿಬ್ಬದಂತೆ ಮೇಲೆ ಉಳಿದಿರುತ್ತದೆ. ರಾಯಚೂರು, ಕೊಪ್ಪಳ, ಕೋಲಾರ, ಪಾವಗಡದ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಎನಾಮೆಲ್ ಮೊದಲೇ ದುರ್ಬಲವಾಗಿರುವುದರಿಂದ ಸಾಮಾನ್ಯ ಅಗಿತಕ್ಕೂ ಅದು ಚಕ್ಕೆಚಕ್ಕೆಯಾಗಿ ಹೋಗುತ್ತದೆ. ನಿದ್ದೆಯಲ್ಲಿ ಕಡಿದದ್ದರಿಂದ ಆಗುವ ಸವೆತ ಇವೆಲ್ಲಕ್ಕಿಂತ ಬೇರೆ. ಅಲ್ಲಿ ಮೇಲಿನ ಹಲ್ಲಿನ ಚಪ್ಪಟೆ ಹೊಳಪಿನ ಮುಖ ಕೆಳಗಿನ ಹಲ್ಲಿನ ಅಂಥದೇ ಮುಖಕ್ಕೆ ಸರಿಯಾಗಿ ಕೂಡುತ್ತದೆ. ಊಟ ಮಾಡುವಾಗ ನಾವು ಎಂದೂ ದವಡೆಯನ್ನು ಒಯ್ಯದಷ್ಟು ಪಕ್ಕಕ್ಕೆ ಅಥವಾ ಮುಂದಕ್ಕೆ ಸರಿಸಿದಾಗ ಕೋರೆಹಲ್ಲಿನ ತುದಿಗಳು ಒಂದಕ್ಕೊಂದು ಹೊಂದುತ್ತವೆ. ಹಾಗೆ ಹೊಂದಿದರೂ ಅದು ಹತ್ತು ವರ್ಷ ಹಿಂದಿನ ಕಥೆಯೋ ಈಗ ನಡೆಯುತ್ತಿರುವುದೋ ಎಂಬುದನ್ನು ಸವೆತ ಹೇಳುವುದಿಲ್ಲ. ಅದಕ್ಕಾಗಿ ಫೋಟೊ ಅಥವಾ ಅಚ್ಚು ತೆಗೆದಿಟ್ಟುಕೊಂಡು ಆರು ತಿಂಗಳು, ಒಂದು ವರ್ಷ ಬಿಟ್ಟು ಹೋಲಿಸಿ ನೋಡಬೇಕು.

ಈಗ ನಾನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿರುವ ವಿಷಯಕ್ಕೆ ಬರುತ್ತೇನೆ. ಐವತ್ತು ದಾಟಿದ ಒಬ್ಬರು ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಕತ್ತು ದಪ್ಪ, ಹೊಟ್ಟೆ ಬಂದಿದೆ, ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಹೆಂಡತಿ ಹಲ್ಲಿನ ಸದ್ದಿನ ದೂರು ಹೇಳುತ್ತಾರೆ. ಆಗ ನಾವು ಕೇಳಬೇಕಾದ ಪ್ರಶ್ನೆ, "ಇವರು ಗೊರಕೆ ಹೊಡೆಯುತ್ತಾರೆಯೇ ಅಮ್ಮಾ? ಗೊರಕೆಯ ನಡುವೆ ಉಸಿರೇ ನಿಂತಂತಾಗಿ, ಆಮೇಲೆ ಒಮ್ಮೆಲೇ ಏದುಸಿರು ಬಿಟ್ಟದ್ದನ್ನು ನೋಡಿದ್ದೀರಾ?" ಎಂಬುದು. ಬಹಳ ಸಲ ಉತ್ತರ ತಕ್ಷಣ ಬರುತ್ತದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅಷ್ಟೇ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿ ಉಸಿರು ನಿಲ್ಲುವ ಈ ಕಾಯಿಲೆಯನ್ನು ಸ್ಲೀಪ್ ಅಪ್ನಿಯಾ ಎನ್ನುತ್ತೇವೆ. ಪ್ರತಿ ಸಲ ಉಸಿರು ನಿಂತಾಗ ರಕ್ತದ ಆಮ್ಲಜನಕ ಇಳಿದು, ಮಿದುಳು ಎಚ್ಚರದ ಕಡೆ ವಾಲುತ್ತದೆ. ಅಂಥ ಎಚ್ಚರಗಳ ಜೊತೆ ಹಲ್ಲು ಕಡಿಯುವುದೂ ಬರುವುದನ್ನು ಹಲವರಲ್ಲಿ ಕಾಣುತ್ತೇವೆ. ಹಲ್ಲು ಕಡಿಯುವವರೆಲ್ಲರಿಗೂ ಅಪ್ನಿಯಾ ಇರುವುದಿಲ್ಲ, ಎರಡಕ್ಕೂ ಇರುವ ಸಂಬಂಧದ ಬಗ್ಗೆ ಇನ್ನೂ ಚರ್ಚೆ ನಡೆಯುತ್ತಿದೆ. ಆದರೆ ಅಪ್ನಿಯಾ ಚಿಕಿತ್ಸೆಯಿಲ್ಲದೆ ಉಳಿದರೆ ರಕ್ತದೊತ್ತಡ, ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಹಗಲು ತೂಕಡಿಸುವ ಚಾಲಕರಿಂದ ರಸ್ತೆಯಲ್ಲಿ ಇತರರ ಜೀವಕ್ಕೂ ಅಪಾಯ.

ಇದನ್ನು ಸೋಸಿ ನೋಡಲು ದಂತವೈದ್ಯರ ಕುರ್ಚಿಯ ಬಳಿಯೇ ಕೇಳಬಹುದಾದ ಸ್ಟಾಪ್-ಬ್ಯಾಂಗ್ ಎಂಬ ಪ್ರಶ್ನಾವಳಿ ಇದೆ. ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ರಕ್ತದೊತ್ತಡ, ದೇಹತೂಕದ ಸೂಚ್ಯಂಕ 35ಕ್ಕಿಂತ ಹೆಚ್ಚಿರುವುದು, ವಯಸ್ಸು 50 ದಾಟಿರುವುದು, ದಪ್ಪ ಕತ್ತು, ಗಂಡಸಾಗಿರುವುದು, ಹೀಗೆ ಎಂಟು ಅಂಶಗಳು. ಮೂರು ಅಥವಾ ಅದಕ್ಕಿಂತ ಹೆಚ್ಚು ಅಂಶಗಳಿಗೆ ಹೌದೆಂದರೆ ಅನುಮಾನ ಪಡಬೇಕು, ಐದು ಅಥವಾ ಅದಕ್ಕಿಂತ ಹೆಚ್ಚಾದರೆ ನಿದ್ರಾ ಪರೀಕ್ಷೆಗೆ ಕಳುಹಿಸಲು ತಡಮಾಡಬಾರದು. ನೈಟ್ ಗಾರ್ಡಿಗೂ ಇದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. 2004ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಅಪ್ನಿಯಾ ಇದ್ದ 10 ಮಂದಿಗೆ ಮೇಲ್ದವಡೆಯ ಸಾಮಾನ್ಯ ಸ್ಪ್ಲಿಂಟ್, ಅಂದರೆ ನೈಟ್ ಗಾರ್ಡ್, ಹಾಕಿ ರಾತ್ರಿಯ ದಾಖಲೆ ತೆಗೆದಾಗ ಅವರಲ್ಲಿ 5 ಮಂದಿಯ ಉಸಿರುಗಟ್ಟುವಿಕೆಯ ಸೂಚ್ಯಂಕ (ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತಗ್ಗುತ್ತದೆ ಎಂಬ ಲೆಕ್ಕ) ಶೇ. 50ಕ್ಕಿಂತ ಹೆಚ್ಚು ಏರಿತ್ತು. ಹತ್ತೇ ಜನರ ಚಿಕ್ಕ ಅಧ್ಯಯನ ಅದು, ನಿಜ. ಆದರೂ ಹಲ್ಲನ್ನು ಕಾಪಾಡಲು ಹೋಗಿ ಉಸಿರಿಗೆ ತೊಂದರೆ ಕೊಡುವ ಸಾಧ್ಯತೆ ಇದೆಯೆಂದು ಅದು ಎಚ್ಚರಿಸಿದೆ, ಆ ಎಚ್ಚರಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಅಪ್ನಿಯಾ ಇದ್ದವರಿಗೆ ಗಾಳಿಯ ಒತ್ತಡ ಕೊಡುವ ಸಿಪ್ಯಾಪ್ ಯಂತ್ರವೋ, ಕೆಳದವಡೆಯನ್ನು ಮುಂದೆ ಹಿಡಿದಿಡುವ ಸಾಧನವೋ ಸರಿಯಾದ ಚಿಕಿತ್ಸೆ. ಎಷ್ಟೋ ಜನರಲ್ಲಿ ಅದರೊಂದಿಗೆ ಹಲ್ಲು ಕಡಿಯುವುದೂ ತಗ್ಗುತ್ತದೆ.

ಔಷಧಿಗಳ ಪಟ್ಟಿಯನ್ನೂ ಕೇಳಲೇಬೇಕು. ಖಿನ್ನತೆ ಮತ್ತು ಆತಂಕಕ್ಕೆ ಕೊಡುವ ಫ್ಲುಆಕ್ಸೆಟಿನ್, ಸೆರ್ಟ್ರಲಿನ್, ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳನ್ನು ಶುರುಮಾಡಿದ ಕೆಲವು ವಾರಗಳಲ್ಲಿ ಕೆಲವರಿಗೆ ಹಲ್ಲು ಕಡಿಯುವುದು ಹೊಸದಾಗಿ ಆರಂಭವಾಗುವುದುಂಟು. ಇದನ್ನು ಕೇಳಿದ ಕೂಡಲೇ ಯಾರೂ ಮಾತ್ರೆ ನಿಲ್ಲಿಸಬಾರದು. ಹಲ್ಲಿನ ಸವೆತಕ್ಕಿಂತ ಖಿನ್ನತೆ ಮರುಕಳಿಸುವುದು ಬಹಳ ದೊಡ್ಡ ಅಪಾಯ. ಮಾತ್ರೆ ಬರೆದುಕೊಟ್ಟ ಮನೋವೈದ್ಯರಿಗೆ ವಿಷಯ ತಿಳಿಸಿದರೆ ಅವರು ಪ್ರಮಾಣ ಬದಲಿಸಬಹುದು, ಬೇರೆ ಮಾತ್ರೆ ಕೊಡಬಹುದು, ಇಲ್ಲವೇ ಆತಂಕಕ್ಕೆ ಕೊಡುವ ಬಸ್ಪಿರೋನ್‌ನಂಥದ್ದನ್ನು ಜೊತೆಗೆ ಸೇರಿಸಬಹುದು. ಧೂಮಪಾನ, ರಾತ್ರಿಯ ಮದ್ಯ, ಸಂಜೆಯ ನಂತರದ ಕಡು ಕಾಫಿ, ಇವು ಮೂರೂ ಹಲ್ಲು ಕಡಿಯುವುದರೊಂದಿಗೆ ನಂಟು ಹೊಂದಿವೆ. ಮನೆತನದಲ್ಲಿ ಸಾಗಿಬರುವ ಪ್ರವೃತ್ತಿಯೂ ಇದಕ್ಕಿದೆ. ಮನಸ್ಸಿನ ಒತ್ತಡದ ಪಾತ್ರವನ್ನು ಎಲ್ಲರೂ ಹೇಳುತ್ತಾರೆ. ಹಗಲಿನಲ್ಲಿ ದವಡೆ ಬಿಗಿಯುವುದಕ್ಕೆ ಅದರ ನಂಟು ಗಟ್ಟಿಯಾಗಿದೆ, ನಿದ್ದೆಯಲ್ಲಿ ಕಡಿಯುವುದಕ್ಕೆ ಅಷ್ಟು ಗಟ್ಟಿಯಾಗಿಲ್ಲ. ಆದ್ದರಿಂದ "ಟೆನ್ಷನ್ ಮಾಡಿಕೊಳ್ಳಬೇಡಿ" ಎಂಬ ಒಂದು ಮಾತಿನಲ್ಲಿ ರೋಗಿಯನ್ನು ಕಳುಹಿಸಿಬಿಡುವುದು ನ್ಯಾಯವಲ್ಲ.

ಖಚಿತ ನಿರ್ಣಯಕ್ಕೆ ಬೇಕಾದ ಪಾಲಿಸೊಮ್ನೊಗ್ರಫಿಯಲ್ಲಿ ಒಂದು ರಾತ್ರಿ ಪ್ರಯೋಗಾಲಯದಲ್ಲಿ ಮಲಗಿಸಿ ಮಿದುಳು, ಹೃದಯ, ಉಸಿರು, ಆಮ್ಲಜನಕ ಮತ್ತು ದವಡೆಯ ಸ್ನಾಯುಗಳನ್ನು ಒಟ್ಟಿಗೆ ದಾಖಲಿಸುತ್ತಾರೆ. ಗಂಟೆಗೆ ನಾಲ್ಕಕ್ಕಿಂತ ಹೆಚ್ಚು ಪ್ರಸಂಗಗಳಿದ್ದರೆ ತೀವ್ರವೆಂದು ಲೆಕ್ಕ. ಹಲ್ಲು ಕಡಿಯುವುದೊಂದಕ್ಕೇ ಈ ಪರೀಕ್ಷೆ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಉಸಿರಿನ ತೊಂದರೆ, ನಿದ್ದೆಯಲ್ಲಿ ಎದ್ದು ಓಡಾಡುವುದು, ಮೂರ್ಛೆರೋಗದ ಅನುಮಾನ ಇದ್ದಾಗ ಮಾಡಿಸಬೇಕು.

ಚಿಕಿತ್ಸೆಯಲ್ಲಿ ಮೊದಲ ಹೆಸರು ನೈಟ್ ಗಾರ್ಡ್, ವೈದ್ಯರ ಮಾತಿನಲ್ಲಿ ಸ್ಪ್ಲಿಂಟ್. ಎತ್ತಿನ ಕಾಲಿಗೆ ಲಾಳ ಕಟ್ಟಿದರೆ ಎತ್ತು ನಡೆಯುವುದನ್ನು ನಿಲ್ಲಿಸುವುದಿಲ್ಲ. ಸವೆಯುವುದು ಲಾಳ, ಉಳಿಯುವುದು ಗೊರಸು. ಸ್ಪ್ಲಿಂಟಿನ ಕೆಲಸವೂ ಅಷ್ಟೇ. ಹಾಕಿಕೊಂಡ ಮೊದಲ ಒಂದೆರಡು ವಾರ ಸ್ನಾಯುಗಳ ಚಟುವಟಿಕೆ ಕಡಿಮೆಯಾಗಬಹುದು, ಆಮೇಲೆ ಬಹುಪಾಲು ಜನರಲ್ಲಿ ಹಿಂದಿನ ಮಟ್ಟಕ್ಕೇ ಮರಳುತ್ತದೆ. ಲಭ್ಯವಿರುವ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2007ರ ಪರಾಮರ್ಶೆ ಕೂಡ ಸ್ಪ್ಲಿಂಟ್ ಹಲ್ಲು ಕಡಿಯುವುದನ್ನು ವಾಸಿಮಾಡುತ್ತದೆ ಎನ್ನಲು ಪುರಾವೆ ಸಾಲದು, ಸವೆತದಿಂದ ಹಲ್ಲನ್ನು ಕಾಪಾಡುವುದರಲ್ಲಿ ಪ್ರಯೋಜನ ಇರಬಹುದು ಎಂದೇ ಹೇಳಿತು. ಈ ಮಾತನ್ನು ರೋಗಿಗೆ ಮೊದಲೇ ಹೇಳದಿದ್ದರೆ ಮೂರು ತಿಂಗಳ ನಂತರ ಅವರು ಬಂದು "ಇನ್ನೂ ಕಡಿಯುತ್ತಲೇ ಇದ್ದೇನಂತೆ, ದುಡ್ಡು ಹಾಳಾಯಿತು" ಎನ್ನುತ್ತಾರೆ. ಗಾರ್ಡಿನ ಮೇಲೆ ಸವೆತದ ಗೆರೆಗಳು ಬಿದ್ದಿದ್ದರೆ ಅದು ತನ್ನ ಕೆಲಸ ಮಾಡಿದೆ ಎಂದೇ ಅರ್ಥ.

ಯಾವ ಬಗೆಯ ಸ್ಪ್ಲಿಂಟ್ ಎಂಬುದು ಮುಖ್ಯ. ಒಂದು ದವಡೆಯ ಎಲ್ಲ ಹಲ್ಲುಗಳನ್ನೂ ಮುಚ್ಚುವ, ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡಿದ, ಎದುರಿನ ಹಲ್ಲುಗಳೆಲ್ಲ ಒಂದೇ ಸಮನೆ ತಾಗುವಂತೆ ವೈದ್ಯರು ಬಾಯಿಯಲ್ಲೇ ಕೂಡಿಸಿ ಉಜ್ಜಿ ಸರಿಮಾಡಿದ ಸ್ಪ್ಲಿಂಟ್ ನನ್ನ ಆಯ್ಕೆ. ಮೆತ್ತನೆಯ ರಬ್ಬರಿನಂಥದ್ದು ಹಾಯೆನಿಸುತ್ತದೆ, ಬೆಲೆಯೂ ಕಡಿಮೆ. ಆದರೆ 1987ರಲ್ಲಿ ಅಮೆರಿಕದ ದಂತವೈದ್ಯ ಜೆಫ್ರಿ ಓಕ್‌ಸನ್ ಅವರು 10 ಮಂದಿಯಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಗಟ್ಟಿಯದು 8 ಮಂದಿಯಲ್ಲಿ ರಾತ್ರಿಯ ಸ್ನಾಯು ಚಟುವಟಿಕೆಯನ್ನು ತಗ್ಗಿಸಿತು, ಮೆತ್ತನೆಯದು 5 ಮಂದಿಯಲ್ಲಿ ಅದನ್ನು ಹೆಚ್ಚಿಸಿತು. ಬಿಸಿನೀರಿನಲ್ಲಿ ಅದ್ದಿ ಕಚ್ಚಿಕೊಳ್ಳುವ, ಆನ್‌ಲೈನಿನಲ್ಲಿ ಸಿಗುವ ಗಾರ್ಡುಗಳು ಒಂದೇ ಸಮನೆ ತಾಗುವುದಿಲ್ಲ. ಮುಂದಿನ ಹಲ್ಲುಗಳನ್ನಷ್ಟೇ ಮುಚ್ಚುವ ಚಿಕ್ಕ ಸಾಧನಗಳಲ್ಲಿ ಇನ್ನೂ ಒಂದು ತೊಂದರೆ ಇದೆ. ಹಿಂದಿನ ಹಲ್ಲುಗಳಿಗೆ ಎದುರಾಸರೆ ಇಲ್ಲದೆ ಅವು ನಿಧಾನವಾಗಿ ಬೆಳೆದು ಬಂದು, ಮುಂದಿನ ಹಲ್ಲುಗಳ ನಡುವೆ ಶಾಶ್ವತವಾಗಿ ಸಂದು ಉಳಿಯಬಹುದು. ಸಾಧನ ಚಿಕ್ಕದಾದ್ದರಿಂದ ನಿದ್ದೆಯಲ್ಲಿ ಗಂಟಲಿಗೆ ಜಾರುವ ಭಯವೂ ಇದೆ.

ಸ್ಪ್ಲಿಂಟನ್ನು ಬೆಳಿಗ್ಗೆ ತೆಗೆದು ಮೆತ್ತನೆಯ ಬ್ರಷ್ ಮತ್ತು ತಣ್ಣೀರಿನಿಂದ ತೊಳೆದು ಡಬ್ಬಿಯಲ್ಲಿಡಬೇಕು. ಬಿಸಿನೀರು ಹಾಕಿದರೆ ಆಕಾರ ಕೆಡುತ್ತದೆ. ತೆಗೆದ ಸ್ವಲ್ಪ ಹೊತ್ತಿನಲ್ಲೇ ಹಲ್ಲುಗಳು ಎಂದಿನಂತೆ ಕೂಡಬೇಕು. ಮಧ್ಯಾಹ್ನದವರೆಗೂ ಕಚ್ಚುವುದು ಬೇರೆಯಾಗಿ ತೋರಿದರೆ ಬಳಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು.

ಹಗಲಿನ ಅಭ್ಯಾಸಕ್ಕೆ ಸಾಧನ ಬೇಡ, ಗಮನ ಬೇಕು. ತುಟಿ ಮುಚ್ಚಿರಲಿ, ಹಲ್ಲುಗಳು ತಾಗದಿರಲಿ, ನಾಲಗೆ ಸಡಿಲವಾಗಿರಲಿ. ಊಟ ಮತ್ತು ಉಗುಳು ನುಂಗುವ ಕ್ಷಣಗಳನ್ನು ಬಿಟ್ಟರೆ ಹಲ್ಲಿಗೆ ಹಲ್ಲು ತಾಗುವ ಅಗತ್ಯವೇ ಇಲ್ಲ. ಫೋನಿನಲ್ಲಿ ಗಂಟೆಗೊಮ್ಮೆ ಜ್ಞಾಪನೆ ಇಟ್ಟುಕೊಂಡು ಆ ಕ್ಷಣ ದವಡೆ ಹೇಗಿದೆಯೆಂದು ಗಮನಿಸುವವರು ಕೆಲವು ವಾರಗಳಲ್ಲಿ ವ್ಯತ್ಯಾಸ ಕಾಣುತ್ತಾರೆ.

ಬೊಟುಲಿನಮ್ ಟಾಕ್ಸಿನ್, ಅಂದರೆ ಜನ ಬೊಟಾಕ್ಸ್ ಎನ್ನುವ ಚುಚ್ಚುಮದ್ದಿನ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಕೆನ್ನೆಯ ಸ್ನಾಯುವಿಗೆ ಕೊಟ್ಟರೆ ಅದು ಸ್ನಾಯುವಿನ ಬಲವನ್ನು ಮೂರು ನಾಲ್ಕು ತಿಂಗಳ ಕಾಲ ತಗ್ಗಿಸುತ್ತದೆ. ಪ್ರಸಂಗಗಳ ಸಂಖ್ಯೆಯನ್ನು ಅಷ್ಟಾಗಿ ತಗ್ಗಿಸುವುದಿಲ್ಲ, ಏಕೆಂದರೆ ಆದೇಶ ಬರುವುದು ಮಿದುಳಿನಿಂದ. ಮತ್ತೆ ಮತ್ತೆ ಕೊಟ್ಟಾಗ ದವಡೆಯ ಮೂಳೆಯ ಸಾಂದ್ರತೆ ಕಡಿಮೆಯಾಗಬಹುದೆಂಬ ಆತಂಕವೂ ಇದೆ. ಉಳಿದೆಲ್ಲ ದಾರಿಗಳೂ ಸೋತು, ನೋವು ತೀವ್ರವಾಗಿರುವವರಿಗೆ ತಜ್ಞರು ಇದನ್ನು ಯೋಚಿಸಬಹುದು. ಮುಖ ತೆಳ್ಳಗೆ ಕಾಣಲೆಂದು ಇದೇ ನೆಪದಲ್ಲಿ ಹಾಕಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ರಕ್ತದೊತ್ತಡಕ್ಕೆ ಕೊಡುವ ಕ್ಲೊನಿಡಿನ್ ಮಾತ್ರೆಯಿಂದ ಹಲ್ಲು ಕಡಿಯುವುದು ಗಣನೀಯವಾಗಿ ಇಳಿದದ್ದು ಪ್ರಯೋಗದಲ್ಲಿ ಕಂಡಿದೆ, ಆದರೆ ಅದನ್ನು ತೆಗೆದುಕೊಂಡ ಕೆಲವರಿಗೆ ಬೆಳಿಗ್ಗೆ ರಕ್ತದೊತ್ತಡ ಅಪಾಯಕರವಾಗಿ ಕುಸಿದಿತ್ತು. ಮಂಪರು ತರುವ ಕ್ಲೊನಜೆಪಾಮ್ ಮಾತ್ರೆ ರೂಢಿಯಾಗಿ ಅಂಟಿಕೊಳ್ಳುತ್ತದೆ. ಹಲ್ಲು ಕಡಿಯುವುದಕ್ಕೆಂದೇ ಮಾತ್ರೆ ನುಂಗುವುದು ದಿನಬಳಕೆಯ ಚಿಕಿತ್ಸೆಯಲ್ಲ.

ಮಕ್ಕಳ ವಿಷಯಕ್ಕೆ ಬಂದರೆ, ಮಗು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳು ಆಗಿದೆ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಕೇಳಿದ್ದೇವೆ. ಇದನ್ನು ಗಟ್ಟಿಯಾಗಿ ಸಮರ್ಥಿಸುವ ಪುರಾವೆ ಇಲ್ಲ. ಶಾಲೆ ಮತ್ತು ಅಂಗನವಾಡಿಗಳಲ್ಲಿ ಫೆಬ್ರವರಿ 10 ಮತ್ತು ಆಗಸ್ಟ್ 10ರ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಗುವಿನ ಬೆಳವಣಿಗೆಗಾಗಿ, ರಕ್ತಹೀನತೆ ತಡೆಯುವುದಕ್ಕಾಗಿ ಖಂಡಿತ ಕೊಡಿಸಿ. ಆಮೇಲೂ ಹಲ್ಲು ಕಡಿಯುತ್ತಿದ್ದರೆ ಮತ್ತೆ ಮತ್ತೆ ಹುಳುವಿನ ಔಷಧಿ ಹಾಕುವ ಬದಲು ಮಗು ಹೇಗೆ ಮಲಗುತ್ತದೆ ನೋಡಿ. ಬಾಯಿ ತೆರೆದು ಮಲಗುತ್ತದೆಯೇ, ಗೊರಕೆ ಇದೆಯೇ, ಕತ್ತನ್ನು ಹಿಂದಕ್ಕೆ ಚಾಚಿ ಮಲಗುತ್ತದೆಯೇ, ದೊಡ್ಡದಾದ ಮೇಲೂ ಹಾಸಿಗೆ ಒದ್ದೆ ಮಾಡುತ್ತದೆಯೇ, ತರಗತಿಯಲ್ಲಿ ಮಂಕಾಗಿರುತ್ತದೆಯೇ? ಹೌದಾದರೆ ಮೂಗಿನ ಹಿಂದಿರುವ ಅಡಿನಾಯ್ಡ್ ಮತ್ತು ಗಂಟಲಿನ ಟಾನ್ಸಿಲ್ ಊದಿಕೊಂಡಿವೆಯೇ ಎಂದು ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು. ಅವನ್ನು ತೆಗೆದ ಮೇಲೆ ಹಲ್ಲು ಕಡಿಯುವುದು ಕಡಿಮೆಯಾದ ಮಕ್ಕಳು ಎಷ್ಟೋ ಮಂದಿ. ಇಂಥ ಲಕ್ಷಣಗಳೇನೂ ಇಲ್ಲದ ಮಗುವಿಗೆ ಚಿಕಿತ್ಸೆ ಬೇಡ. ವಯಸ್ಸಾದಂತೆ ಹೆಚ್ಚಿನವರಲ್ಲಿ ಅದು ತಾನಾಗಿ ಕಡಿಮೆಯಾಗುತ್ತದೆ. ಬೆಳೆಯುವ ದವಡೆಗೆ ಗಟ್ಟಿ ಸ್ಪ್ಲಿಂಟ್ ಹಾಕುವುದು ಸೂಕ್ತವಲ್ಲ.

ಕೊನೆಯದಾಗಿ, ಸವೆದು ಮೋಟಾದ ಹಲ್ಲುಗಳಿಗೆ ಕ್ಯಾಪ್ ಹಾಕಿಸಿಕೊಳ್ಳಲು, ಹೋದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಳ್ಳಲು ಬರುವವರ ವಿಷಯ. ನಮ್ಮ ಹಲ್ಲಿನ ಬೇರಿನ ಸುತ್ತ ಇರುವ ತಂತುಪದರ ಒತ್ತಡವನ್ನು ಹೀರಿಕೊಳ್ಳುತ್ತದೆ, ಮಿದುಳಿಗೆ ಸೂಚನೆಯನ್ನೂ ಕೊಡುತ್ತದೆ. ಇಂಪ್ಲಾಂಟಿಗೆ ಆ ಪದರ ಇಲ್ಲ, ಅದು ನೇರವಾಗಿ ಮೂಳೆಗೆ ಕೂಡಿರುತ್ತದೆ. ಆದ್ದರಿಂದ ಹಲ್ಲು ಕಡಿಯುವವರಲ್ಲಿ ಇಂಪ್ಲಾಂಟಿನ ಸ್ಕ್ರೂ ಸಡಿಲವಾಗುವುದು, ಅದರ ಮೇಲಿನ ಸೆರಾಮಿಕ್ ಒಡೆಯುವುದು ಹೆಚ್ಚು. ಹಾಕಿಸಲೇಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಮೊದಲು ಸವೆತದ ಕಾರಣ ಏನೆಂದು ನಿರ್ಧರಿಸಿ, ಆಮ್ಲದ ಕಾಯಿಲೆಯೋ ಅಪ್ನಿಯಾವೋ ಇದ್ದರೆ ಅದನ್ನು ಹತೋಟಿಗೆ ತಂದು, ಆಮೇಲೆ ಕ್ಯಾಪ್ ಅಥವಾ ಇಂಪ್ಲಾಂಟ್ ಮಾಡಿ, ಕೆಲಸ ಮುಗಿದ ಕೂಡಲೇ ಹೊಸ ಹಲ್ಲುಗಳ ಅಳತೆಗೆ ಹೊಸ ಸ್ಪ್ಲಿಂಟ್ ಮಾಡಿಸಬೇಕು. ಹಳೆಯ ಸ್ಪ್ಲಿಂಟ್ ಹೊಸ ಕ್ಯಾಪ್‌ಗಳ ಮೇಲೆ ಕೂರುವುದಿಲ್ಲ. ಈ ಎರಡನೆಯ ಖರ್ಚನ್ನು ಕೆಲಸ ಶುರುವಾಗುವ ಮೊದಲೇ ಕೇಳಿ ತಿಳಿದುಕೊಳ್ಳಿ; ದುಬಾರಿ ಕ್ಯಾಪ್‌ಗಳನ್ನು ಹಾಕಿಸಿಕೊಂಡು, ದುಡ್ಡು ಸಾಲದೆ ಸ್ಪ್ಲಿಂಟನ್ನು ಮುಂದಿನ ವರ್ಷಕ್ಕೆ ಬಿಟ್ಟವರ ಸೆರಾಮಿಕ್ ಆ ವರ್ಷದೊಳಗೇ ಒಡೆಯಬಹುದು.